ಸೀಟ್ ಬೆಲ್ಟಿನ ಕೊನೆಯ ಗೇಣು

ನಿಮ್ಮ ಕಾರಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿದ್ದೀರಾ?

ಹಾಕಿಕೊಳ್ಳುವಷ್ಟಲ್ಲ. (ಹಾಕಿಕೊಳ್ಳುವುದೇ ಅಪರೂಪ ಅನ್ನುವವರು ಮುಂದಿನ ಪ್ಯಾರಾಕ್ಕೆ ಹೋಗಬಹುದು.) ಇನ್ನು ಬರುವುದಿಲ್ಲ ಅಂತ ಅದು ತಡೆಯುವವರೆಗೆ. ಆ ಕೊನೆಯ ಗೇಣನ್ನು ಯಾರೂ ನೋಡಿರುವುದಿಲ್ಲ. ಗಾಡಿ ತೊಳೆಯುವವರೂ ಅಲ್ಲಿಯವರೆಗೆ ಹೋಗುವುದಿಲ್ಲ.

ಹೋದ ಭಾನುವಾರ ಗಂಗಾವತಿಯಿಂದ ಆಚೆ, ಹೊಳೆ ದಂಡೆಯ ಒಂದು ಹಳ್ಳಿಯಲ್ಲಿ, ಬೇವಿನ ಮರದ ಕೆಳಗೆ ನಿಂತಿದ್ದ ಹಳೇ ಜೀಪಿನ ಬೆಲ್ಟನ್ನು ನಾನು ಹಾಗೆ ಎಳೆದೆ. ಮೇಲೆಲ್ಲ ಕಪ್ಪು. ಕೊನೆಯ ಗೇಣು ಮಾತ್ರ ಮಣ್ಣಿನ ಬಣ್ಣ. ನಡುವೆ ಗೆರೆ ಎಳೆದಂಥ ಗಡಿ. ಬೆರಳಲ್ಲಿ ತಿಕ್ಕಿದೆ. ಹಿಟ್ಟಿನಂಥ ಹುಡಿ ಉದುರಿತು. ರಸ್ತೆಯ ಧೂಳು ಅಷ್ಟು ನುಣುಪಾಗಿರುವುದಿಲ್ಲ. ಅದು ಹೊಳೆಯ ಮೆಕ್ಕಲು ಮಣ್ಣು.

ನನ್ನ ಹೆಂಡತಿ ಶೈಲಾ ಪಶುವೈದ್ಯೆ ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. (ನನ್ನನ್ನೂ ಅದೇ ಕಣ್ಣಿನಿಂದ ನೋಡುತ್ತಾಳೆ ಅನ್ನುವುದೂ ಗೊತ್ತು.) ಮನೆ ಕೊಪ್ಪಳದಲ್ಲಿ, ಕೆಲಸ ಯಲಬುರ್ಗಾ ತಾಲ್ಲೂಕಿನ ಒಳಹಳ್ಳಿಗಳಲ್ಲಿ. ಅದು ಎರೆ ಭೂಮಿ. ನಾಲ್ಕು ಹನಿ ಬಿದ್ದರೆ ಮಣ್ಣು ಚಕ್ರಕ್ಕೆ ಮೆತ್ತಿ, ಮೆತ್ತಿ, ಕೊನೆಗೆ ಚಕ್ರವೇ ತಿರುಗುವುದಿಲ್ಲ. ಆಕಳು ಕರು ಹಾಕಲಾರದೆ ಒದ್ದಾಡುವುದು ಹವಾಮಾನ ನೋಡಿಕೊಂಡಲ್ಲವಲ್ಲ?

ಹೋದ ಮಳೆಗಾಲದಲ್ಲಿ ನಮ್ಮ ಸಣ್ಣ ಕಾರು ಹಳ್ಳದ ನಡುವೆ ಕೈ ಕೊಟ್ಟಿತು. ನೀರು ಬಾಗಿಲಿನವರೆಗೆ ಬಂತು. ಆಕೆ ಕಿಟಕಿಯಿಂದ ಹೊರಬಿದ್ದು, ದಂಡೆ ಸೇರಿ, ಆಮೇಲೆ ಫೋನ್ ಮಾಡಿದಳು. "ಕಾರು ನೀರಾಗ ಐತಿ. ನಾ ಮ್ಯಾಲ ಅದೀನಿ" ಅಂದಳು. ಟ್ರ್ಯಾಕ್ಟರ್ ಬಂದು ಕಾರನ್ನು ಎಳೆಯಿತು. ಕಾರು ಈಗಲೂ ಓಡುತ್ತದೆ. ಆ ಎರಡು ವಾಕ್ಯಗಳ ನಡುವಿನ ಸಣ್ಣ ಮೌನವೂ ನನ್ನ ಕಿವಿಯಲ್ಲಿ ಓಡುತ್ತಲೇ ಇದೆ.

ಆದ್ದರಿಂದ ಫೋರ್ ವೀಲ್ ಗಾಡಿ, ನಾಲ್ಕೂ ಚಕ್ರ ಎಳೆಯುವಂಥದ್ದು. ಹೊಸದು ನಮ್ಮ ಕೈಗೆ ಎಟುಕುವುದಲ್ಲ, ಹಳೆಯದೇ ಸರಿ. ಪ್ರಶ್ನೆ ಒಂದೇ. ಆಕೆ ಒಬ್ಬಳೇ ಹಳ್ಳದ ನಡುವೆ ಇದ್ದಾಗ ಇದನ್ನು ನಂಬಬಹುದೋ, ಇಲ್ಲವೋ?

ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಬೇರೇನು ಗೊತ್ತು? ಸಾಕ್ಷಿ ಹುಡುಕುವುದು. ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಗಾಡಿಯ ಕೆಳಗೆ ಮಲಗಿ ತುಕ್ಕು ನೋಡಬೇಕು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ತಿಳಿದು ಕೈ ಮುಗಿದು ಬರಬೇಕು. ಫೋರ್ ವೀಲಿಗೆ ಹಾಕಿದಾಗ ಮುಂದಿನ ಚಕ್ರ ನಿಜವಾಗಿ ಎಳೆಯುತ್ತದೋ, ಲಿವರ್ ಸುಮ್ಮನೆ ಅಲಂಕಾರಕ್ಕಿದೆಯೋ ಕೆಸರಲ್ಲಿ ನೋಡಬೇಕು. ಆಮೇಲೆ ಬೆಲ್ಟು: ಗಾಡಿ ನೀರಲ್ಲಿ ಮುಳುಗಿದ್ದರೆ ಅದರ ಗುರುತು ಬೆಲ್ಟಿನ ಕೊನೆಯಲ್ಲಿ ಉಳಿದಿರುತ್ತದಂತೆ.

ಬೇವಿನ ಮರದ ಕೆಳಗಿನ ಆ ಜೀಪು ಮಾಬುಸಾಬರದು. ಅರವತ್ತು ದಾಟಿದ ರೈತ, ಹೊಳೆ ದಂಡೆಯಲ್ಲೇ ಭತ್ತದ ಗದ್ದೆ. ಶೈಲಾ ಜೀಪಿನ ಸುತ್ತ ಒಂದು ಸುತ್ತು ಬಂದಳು. ಎತ್ತು ನೋಡುವಾಗ ಬರುತ್ತಾಳಲ್ಲ, ಹಾಗೆ.

"ಇದಕ್ಕ ಹಲ್ಲು ಎಲ್ಲಿ ನೋಡಬೇಕ್ರಿ, ಸಾಬರ?" ಅಂದಳು.

"ಹಲ್ಲು ಅದಾವ, ಸುಳಿ ಸುದ್ದ ಐತಿ ಅಕ್ಕಾರ. ಹಾಯೂದಿಲ್ಲ, ಒದಿಯೂದಿಲ್ಲ. ಮೇವು ಮಾತ್ರ ಒಂಚೂರು ಜಾಸ್ತಿ" ಅಂದರು ಮಾಬುಸಾಬ್.

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಆ ಜೀಪು ಗೊತ್ತು ಅನ್ನಿಸತೊಡಗಿತ್ತು.

ಎಲ್ಲೋ ನೋಡಿದ್ದೆ. ಸೇತುವೆಯ ಮೇಲೆ ನಿಂತು, ಕೆಳಗೆ. ತುಂಬಿದ ಕೆಂಪು ನೀರು. ಇದೇ ಹಸಿರು ಟಾಪು ನೀರಿನ ಮೇಲೆ ಒಂದು ಮೊಳ. ನೀರಿನೊಳಗೆ ಎರಡು ಹೆಡ್‌ಲೈಟು ಹತ್ತಿಕೊಂಡೇ ಇವೆ. ಯಾರೋ ಒಳಗೆ ಕೂತು ದಾರಿ ಹುಡುಕುತ್ತಿರುವಂತೆ. ಈ ಚಿತ್ರ ನನಗೆ ಎಷ್ಟು ಸ್ಪಷ್ಟವೆಂದರೆ ನೀರಿನ ವಾಸನೆಯೂ ನೆನಪಿದೆ.

ಆದರೆ ದಿನಾ ದಿನಚರಿ ಬರೆಯುವ ನನಗೆ ಇಂಥದ್ದನ್ನು ಬರೆದ ನೆನಪಿಲ್ಲ. ಇಂಥದ್ದನ್ನು ನೋಡಿ ಬಂದವನು ಬರೆಯದೆ ಮಲಗುತ್ತಾನೆಯೇ? ಅಥವಾ ಇದು ಆ ವಿಡಿಯೊಗಳಲ್ಲಿ ನೋಡಿದ್ದೋ? ಯಾವುದೋ ಊರಿನ ಹೊಳೆ, ಯಾವುದೋ ಗಾಡಿ? ಹಾಗಾದರೆ ವಾಸನೆ ಎಲ್ಲಿಂದ ಬಂತು?

ಹೀಗೆ ನನ್ನನ್ನೇ ನಂಬದೆ ಬೆಲ್ಟಿಗೆ ಕೈ ಹಾಕಿದ್ದು.

"ಸಾಬರ, ಗಾಡಿ ನೀರಾಗ ಇಳಿದಿತ್ತೇನ್ರಿ?"

"ಇಳೀಲಾರದ ಏನ್ರಿ ಸರ? ಅಮಾಸಿಗೊಮ್ಮೆ ಹೊಳಿಗೆ ಇಳಿಸಿ ತೊಳೀತೀವಿ" ಅಂದರು. ಮುಖದಲ್ಲಿ ಅಂಜಿಕೆಯ ಸುಳಿವಿಲ್ಲ.

ಸುಳ್ಳೇನಲ್ಲ. ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿಗಳ ಮೈತೊಳೆಯುವ ಹಬ್ಬ. ಟ್ರ್ಯಾಕ್ಟರು, ಲಾರಿ, ಜೀಪು ಎಲ್ಲ ಹೊಳೆಗೋ ಕಾಲುವೆಗೋ ಸೀದಾ ಇಳಿಯುತ್ತವೆ. ಎತ್ತಿನ ಮೈ ತೊಳೆದಂತೆ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಹತ್ತಿಸುತ್ತಾರೆ. ಯಾವ ದೇವರಿಗೆ ಕೈ ಮುಗಿಯುವವರಾದರೂ ಗಾಡಿ ಇದ್ದರೆ ಅಮಾವಾಸ್ಯೆ ಇದ್ದದ್ದೇ. ಅಂದಮೇಲೆ ಮೆಕ್ಕಲು ಮಣ್ಣು ಒಳಗೆ ಬರುವುದರಲ್ಲಿ ಏನಿದೆ? ಆ ವಿಡಿಯೊ ಮಾಡಿದವರಿಗೆ ನಮ್ಮ ಅಮಾವಾಸ್ಯೆ ಗೊತ್ತಿಲ್ಲ.

ಎಣ್ಣೆ ಸ್ವಚ್ಛವಾಗಿತ್ತು. ತುಕ್ಕು ಮಾತಾಡುವಷ್ಟಿರಲಿಲ್ಲ. "ಓಡಿಸಿ ನೋಡೂಣು" ಅಂತ ಶೈಲಾ ಕೂತಳು. ಪಕ್ಕದಲ್ಲಿ ನಾನು. ಹಿಂದೆ ಮಾಬುಸಾಬ್ ಹತ್ತಲಿಲ್ಲ. "ನಾ ನಡಕೋಂತ ಬರ್ತೀನಿ, ನೀವ ನಡೀರಿ" ಅಂದರು.

ತಮ್ಮ ಗಾಡಿಯಲ್ಲಿ ತಾವೇ ಕೂರದವರು! ಆಗ ಇದು ತಲೆಗೆ ಹೊಳೆಯಲಿಲ್ಲ.

ಊರು ಮುಗಿದ ಮೇಲೆ ಗದ್ದೆಗಳ ನಡುವೆ ಅಗಲವಾದ ಏರಿ. ಎಡಕ್ಕೆ ತಗ್ಗಿನಲ್ಲಿ ಹೆಣ್ಣುಮಕ್ಕಳು ಬಗ್ಗಿ ಭತ್ತದ ಸಸಿ ನಾಟಿ ಮಾಡುತ್ತಿದ್ದರು. ಹಾಡು ಇತ್ತು, ಯಾರನ್ನೋ ಕಿಚಾಯಿಸುವ ನಗು ಇತ್ತು. ಅವರಾಚೆ ಹೊಳೆ. ಬಂಡೆಗಳೆಲ್ಲ ಕಾಣುವಷ್ಟು ಇಳಿದ ನೀರು. ನೆತ್ತಿಯ ಮೇಲೆ ಬಿಸಿಲು.

ಶೈಲಾ ಏರಿಯಿಂದ ಬಲಗಡೆಯ ಬೀಳು ಗದ್ದೆಗೆ ಗಾಡಿ ಇಳಿಸಿದಳು. ಮೊಣಕಾಲಿನಷ್ಟು ಕೆಸರು. ಫೋರ್ ವೀಲಿಗೆ ಹಾಕಿದಳು. ಗಾಡಿ ಒಮ್ಮೆ ಗುರ್ ಅಂದು, ಮುಂದಿನ ಚಕ್ರದಿಂದ ಕೆಸರನ್ನು ಬಗೆದು, ಏನೂ ಆಗಿಲ್ಲ ಅನ್ನುವಂತೆ ಏರಿ ಹತ್ತಿ ನಿಂತಿತು. ಆಕೆಯ ಮುಖದಲ್ಲಿ ಅಂಥ ಖುಷಿ ನೋಡಿ ಎಷ್ಟು ದಿನವಾಗಿತ್ತೋ.

"ಭಾಳ ಛಲೋ ಐತ್ರೀ ಇದು" ಅಂದಳು. ಬೀಗದ ಕೈ ತಿರುಗಿಸಿ ಎಂಜಿನ್ ಆರಿಸಿದಳು.

ಆಗ ಹಾರ್ನ್ ಹೊಡೆಯಿತು.

ಯಾರೂ ಒತ್ತಿರಲಿಲ್ಲ. ಆಕೆಯ ಎರಡೂ ಕೈ ತೊಡೆಯ ಮೇಲಿದ್ದವು. ಎಂಜಿನ್ ಆರಿದೆ, ಬೀಗದ ಕೈ ಆಕೆಯ ಮುಷ್ಟಿಯಲ್ಲಿದೆ, ಹಾರ್ನ್ ಮಾತ್ರ ಒಂದೇ ಉಸಿರಿನಲ್ಲಿ ಕೂಗುತ್ತಿದೆ. ಗುಂಡಿ ಬಡಿದೆ, ಕಿತ್ತೆ, ನಿಲ್ಲಲಿಲ್ಲ.

ಮೊದಲು ಹಾಡು ನಿಂತಿತು.

ತಿರುಗಿ ನೋಡಿದರೆ ತಗ್ಗಿನ ಗದ್ದೆಯ ಹೆಣ್ಣುಮಕ್ಕಳೆಲ್ಲ ನೆಟ್ಟಗೆ ನಿಂತಿದ್ದರು. ಯಾರೂ ನಮ್ಮನ್ನು ನೋಡಲಿಲ್ಲ. ಹೊಳೆಯ ಕಡೆಗೂ ನೋಡಲಿಲ್ಲ. ಕೈಯಲ್ಲಿದ್ದ ಸಸಿ ಅಲ್ಲೇ ಬಿಟ್ಟರು. ಒಬ್ಬಳು ಬದುವಿನ ಮೇಲೆ ಮಲಗಿಸಿದ್ದ ಕೂಸನ್ನು ಎತ್ತಿಕೊಂಡಳು. ಇನ್ನೊಬ್ಬಳು ಮುದುಕಿಯೊಬ್ಬಳ ರಟ್ಟೆ ಹಿಡಿದಳು. ಕಿರುಚಾಟವಿಲ್ಲ, ಓಟವಿಲ್ಲ. ಸಾಲಾಗಿ, ಬೇಗ ಬೇಗ, ಕೆಸರಿನಿಂದ ಕಾಲು ಕೀಳುವ ಶಬ್ದ ಮಾಡುತ್ತ ಏರಿ ಹತ್ತಿದರು. ಅವರು ಬಿಟ್ಟುಬಂದ ಜಾಗದಲ್ಲಿ ಸಸಿಯ ಕಟ್ಟುಗಳು ತೇಲುತ್ತಿದ್ದವು. ಕೊಕ್ಕರೆಗಳು ಇಳಿದು, ಅವರು ನಿಂತಿದ್ದಲ್ಲೇ ನಿಂತವು.

ಇಷ್ಟು ಬಿಸಿಲು. ಇಷ್ಟು ಒಣಗಿದ ಹೊಳೆ.

ಮಾಬುಸಾಬ್ ಏದುಸಿರು ಬಿಡುತ್ತ ಬಂದು, ಬಾನೆಟ್ ಎತ್ತಿ, ಬ್ಯಾಟರಿಯ ವೈರು ಕಿತ್ತರು. ಹಾರ್ನ್ ನಿಂತಿತು.

"ನೀರು ಬಂದಿಲ್ಲಬೇ. ಹಾರ್ನ್ ಕೆಟ್ಟೈತಿ ಅಷ್ಟ. ಇಳೀರಿ, ಇಳೀರಿ" ಅಂದರು.

ಯಾರೂ ಇಳಿಯಲಿಲ್ಲ. ರಟ್ಟೆ ಹಿಡಿಸಿಕೊಂಡು ಬಂದ ಮುದುಕಿ ಮುಂದೆ ಬಂದಳು. ಹನಮವ್ವ ಅಂತ ಹೆಸರು. ಆಳುಗಳಿಗೆಲ್ಲ ಹಿರಿಯಳು.

"ಅವತ್ತೂ ನೀ ಹಂಗ ಅಂದಿ, ಸಾಬಣ್ಣ" ಅಂದಳು.

"ಯಾವತ್ತ, ಯವ್ವಾ?" ಅಂದೆ ನಾನು.

ಆಕೆ ಹೇಳಿದಳು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುವ ಸುದ್ದಿ ಮಾಬುಸಾಬರ ಫೋನಿಗೆ ಬರುತ್ತಿತ್ತು. ಅವರು ಜೀಪು ಹತ್ತಿ, ಹಾರ್ನ್ ಒತ್ತಿದ ಕೈ ತೆಗೆಯದೆ ಏರಿಯ ಉದ್ದಕ್ಕೂ ಓಡಿಸುತ್ತಿದ್ದರು. ಉದ್ದ ಹಾರ್ನ್ ಅಂದರೆ ಎದ್ದು ಬರ್ರಿ ಅಂತ. ವರ್ಷಗಳಿಂದ ಊರ ರೂಢಿ. ಒಂದು ಅಮಾವಾಸ್ಯೆ ಅವರು ಜೀಪನ್ನು ತೊಳೆಯಲು ಹೊಳೆಗಿಳಿಸಿ, ಅಲ್ಲೇ ಬಿಟ್ಟು, ಊಟಕ್ಕೆ ಮನೆಗೆ ಹೋದರು. ಫೋನು ಜೀಪಿನಲ್ಲೇ ಉಳಿಯಿತು.

"ಸುದ್ದಿ ಬಂತ್ರಿ. ಗಾಡಿಗೆ ಬಂತು" ಅಂದಳು ಹನಮವ್ವ. "ನಾವು ಗದ್ದ್ಯಾಗ ಇದ್ವಿ. ಗಾಡಿ ಕೂಗಿತು. ಸಾಬಣ್ಣ ಕರೀತಾನ ಅಂತ ಎದ್ದು ಬಂದ್ವಿ. ಮ್ಯಾಲ ಬಂದು ನೋಡಿದ್ರ ಅಂವ ಊರ ಕಡಿಂದ ಬಾಯಿ ಒರಿಸಿಕೋಂತ ಓಡಿ ಬರಾಕತ್ತಿದ್ದ. ನಾ ಒತ್ತಿಲ್ಲಬೇ, ಹಾರ್ನ್ ಕೆಟ್ಟೈತಿ ಅಂದ. ಅನ್ನೋದ್ರಾಗ ಗದ್ದಿ ಕಾಣ್ಲಿಲ್ಲ. ಬರೇ ನೀರು."

ವೈರಿಗೆ ನೀರು ತಾಗಿ ತಾನಾಗಿ ಹೊಡೆದಿದೆ, ಅಷ್ಟೆ. ನಾನೂ ವಿಡಿಯೊ ನೋಡಿದವನು. ಅದನ್ನೇ ಹೇಳಿದೆ. ಹನಮವ್ವ ತಲೆ ಆಡಿಸಿದಳು. ಒಪ್ಪಿದಳೋ, ಕನಿಕರಪಟ್ಟಳೋ ತಿಳಿಯಲಿಲ್ಲ.

"ಅವತ್ತು ಲೈಟು ಹತ್ತಿದ್ದವೇನವ್ವ? ನೀರಿನ ಒಳಗ?" ಕೇಳಿಯೇಬಿಟ್ಟೆ.

"ಎಲ್ಲೀ ಲೈಟು? ಹಾಡಹಗಲು. ಗಾಡಿ ಮುಳುಗೇ ಇರ್ಲಿಲ್ಲರಿ. ಹೊಳಿ ಅದನ್ನ ಏರಿಗೆ ತಂದು ಒತ್ತಿತ್ತು, ಸೀಟಿನ ಮಟ ನೀರು. ಹಗ್ಗ ಹಾಕಿ ಎಳದ್ವಿ."

ನೋಡಿ. ನನ್ನ ನೆನಪು ಹಸಿ ಸುಳ್ಳು. ಆ ಸುಳ್ಳಿನ ಕೈ ಹಿಡಿದೇ ನಾನು ಬೆಲ್ಟಿನ ನಿಜಕ್ಕೆ ಬಂದಿದ್ದೆ. ಇದನ್ನು ಏನಂತ ಕರೆಯಬೇಕು? ಯಾವ ಸಂಶೋಧನಾ ವಿಧಾನದ ಕ್ಲಾಸಿನಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ.

"ಮೊದಲ ಹೇಳಬೇಕಿತ್ತಲ್ರಿ, ಸಾಬರ" ಅಂದಳು ಶೈಲಾ. ಸಿಟ್ಟಿರಲಿಲ್ಲ.

"ತೊಳ್ಯಾಕ ಇಳಿಸಿದ್ದು ಖರೆ ಅಕ್ಕಾರ. ಹೊಳಿ ತಾನ ಬಂದು ತೊಳೀತು, ಅಷ್ಟ ಬ್ಯಾರೆ" ಅಂದರು. ನಗಲು ನೋಡಿದರು, ಆಗಲಿಲ್ಲ. "ವೈರಿಂಗ್ ಎಲ್ಲಾ ಹೊಸಾದು ಹಾಕ್ಸೀನಿ. ಹಾರ್ನ್ ಎರಡ ಸಲ ಬದಲು ಮಾಡೀನಿ. ಆದ್ರೂ ಒಳಗ ಕುಂತ್ರ ಕಿವ್ಯಾಗ ನೀರು ತುಂಬಿದಂಗ ಆಗ್ತೈತ್ರಿ. ಯಾರೂ ಇಲ್ಲದಾಗ ಕೂಗಿದ್ದಲ್ರಿ ಅದು? ನನಗ ಅದರ ಬಾಜೂಕ ಕುಂಡ್ರಾಕ ಆಗವಲ್ದು. ಅದಕ್ಕ ಮಾರಾಕತ್ತೀನಿ."

ಕೂಸನ್ನು ಎತ್ತಿಕೊಂಡವಳು ಥಟ್ಟನೆ ತಿರುಗಿದಳು. "ಮಾರಾಕತ್ತೀಯೇನು, ಕಾಕಾ? ಇದನ್ನ ಒಯ್ದರ ನಮ್ಮನ್ನ ಯಾರು ಎಬ್ಬಸ್ತಾರ?"

"ಈಗ ಎಲ್ಲಾರ ಫೋನಿಗೂ ಮೆಸೇಜು ಬರ್ತಾವಲ್ಲಮ್ಮಾ" ಅಂದೆ.

ಆಕೆ ಮೊಣಕೈವರೆಗೆ ಕೆಸರು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡಳು. "ಈ ಕೈಲೆ ಫೋನ್ ಹಿಡಕೊಂಡು ನಾಟಿ ಹಚ್ಚೂದು ಹೆಂಗ್ರಿ, ಸರ? ನೀವ ಬಂದು ತೋರಸ್ರಿ" ಅಂದಳು. ಹಿಂದೆ ಯಾರೋ ಕಿಸಕ್ಕೆಂದರು. ನಮಗೆ ಕೇಳಿದ ಕೊನೆಯ ನಗು ಅದು.

ಶೈಲಾ ಬೀಗದ ಕೈಯನ್ನು ಮಾಬುಸಾಬರ ಅಂಗೈಗೆ ಹಾಕಿದಳು. ನಮ್ಮ ಸಣ್ಣ ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಹೆಣ್ಣುಮಕ್ಕಳು ಏರಿಯ ಮೇಲೆ ಸಾಲಾಗಿ ಕೂತಿದ್ದರು. ಅರ್ಧ ನಾಟಿಯಾದ ಗದ್ದೆ ಹಾಗೇ ಇತ್ತು. ಮಾಬುಸಾಬ್ ಕೈ ಬೀಸಿ ಬೀಸಿ ಕರೆಯುತ್ತಿದ್ದರು. ಒಬ್ಬರೂ ಇಳಿಯಲಿಲ್ಲ.

ಸೇತುವೆಯ ಮೇಲೆ ಕಾರು ನಿಲ್ಲಿಸಿದೆ. ಬಂಡೆಗಳು ಇದ್ದಲ್ಲೇ ಇದ್ದವು. ನೀರು ಬರಲಿಲ್ಲ. ಮರುದಿನವೂ ಬರಲಿಲ್ಲ. ಅದು ಬರೀ ಕೆಟ್ಟ ಹಾರ್ನ್ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಈ ವಾರ ಪೂರ್ತಿ ಎದ್ದ ಕೂಡಲೇ ಮೊಬೈಲಿನಲ್ಲಿ ಹೊಳೆಯ ಸುದ್ದಿ ನೋಡುತ್ತಿದ್ದೇನೆ. (ಇದನ್ನು ಮನೆಯಲ್ಲಿ ಹೇಳಿಲ್ಲ. ಈಗ ಓದಿ ಗೊತ್ತಾಗುತ್ತದೆ.)

ಗುರುವಾರ ಯಲಬುರ್ಗಾ ಕಡೆ ಮೋಡ ಕಟ್ಟಿತು. ಶೈಲಾ ಔಷಧದ ಚೀಲ ಹೊಂದಿಸಿಕೊಳ್ಳುತ್ತಿದ್ದಳು. ನನಗೆ ಮತ್ತೆ ಜೀವ ತಡೆಯಲಿಲ್ಲ. ಆ ಗಾಡಿ ಕೆಸರಿನಿಂದ ಎದ್ದು ಬಂದ ರೀತಿ! ಎಂಜಿನ್ ಗಟ್ಟಿ, ಗೇರು ಗಟ್ಟಿ. ಹಾರ್ನಿನ ವೈರೊಂದನ್ನು ಕಿತ್ತು ಬೇರೆ ಎಳೆಸಿದರೆ ಮುಗಿಯಿತು.

"ಮಾಬುಸಾಬರಿಗೆ ಫೋನ್ ಮಾಡ್ಲಾ? ಅದಕ್ಕಿಂತ ನಂಬಿಕಿ ಗಾಡಿ ನಮಗ ಸಿಗೂದಿಲ್ಲ" ಅಂದೆ.

ಆಕೆ ಚಪ್ಪಲಿ ಹಾಕಿಕೊಳ್ಳುತ್ತ, ತಲೆ ಎತ್ತದೆ ಕೇಳಿದಳು: "ಹಳ್ಳದಾಗ ನಾ ಒಬ್ಬಾಕಿನ ಇದ್ದಾಗ ಅದು ಕೂಗಿತು ಅಂತ ತಿಳ್ಕೋರಿ. ಅಲ್ಲಿ ಯಾರು ಏಳ್ತಾರ?"