ಚಾಕುವಿನಿಂದ ಕೊಯ್ದ ಚೀಪೋ ಹಣ್ಣು

ಮಕ್ಕಳೇ, ನನಗೆ ಬಾದಾಮಿ ಮಾವಿನ ಹಣ್ಣು ಇಷ್ಟವಿಲ್ಲ. ಶ್ರೀನಿವಾಸಪುರದ ಕಡೆ ಹುಟ್ಟಿ ಮುಳಬಾಗಿಲ ಕಡೆಗೆ ಸೊಸೆಯಾಗಿ ಬಂದವಳು ಇಂಥ ಮಾತು ಆಡಿದರೆ ಎರಡು ತಾಲ್ಲೂಕಿನವರೂ ಮುಖ ತಿರುಗಿಸಿಯಾರು. ಬಾದಾಮಿ ಬೆಣ್ಣೆಯ ಹಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಬೆಣ್ಣೆ ಬೇಕಾದವರು ಬೆಣ್ಣೆಯನ್ನೇ ತಿನ್ನಲಿ. ನನಗೆ ಬೇಕಾದದ್ದು ನಮ್ಮ ಬಾವಿಯ ಪಕ್ಕದ ನಾಟಿ ಮರದ ಹಣ್ಣು. ಮುಷ್ಟಿಯಷ್ಟು ಗಾತ್ರ, ಹಣ್ಣಾದರೂ ಹಸಿರು ಬಿಡದ ಸಿಪ್ಪೆ, ಒಳಗೆಲ್ಲ ನಾರು, ಸಿಹಿಯ ಹಿಂದೆಯೇ ಓಡಿಬರುವ ಹುಳಿ. ಬೆಳಿಗ್ಗೆ ತಿಂದರೆ ಸಂಜೆಯವರೆಗೂ ಹಲ್ಲಿನ ಸಂದಿಯಲ್ಲಿ ಅದರದೇ ವಿಚಾರ.

ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಮೇಷ್ಟರು ಹೆಸರು ಕರೆದರೂ ‘ಹಾಜರ್’ ಎನ್ನಲು ನಾಚಿ ಕೈ ಎತ್ತುತ್ತಿದ್ದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಕೋಪದಲ್ಲೇ ಬರೆಯುತ್ತಿದ್ದೇನೆ.

ಈ ಬೇಸಿಗೆಯಲ್ಲಿ ನನ್ನ ಮಗ ನಾಗರಾಜು, ನಿಮ್ಮಲ್ಲಿ ಕೆಲವರಿಗೆ ಅಪ್ಪ, ಕೆಲವರಿಗೆ ಮಾವ, ಹಣ್ಣು ಕೊಳ್ಳುವ ಕಂಪನಿಯ ತಜ್ಞರೊಬ್ಬರನ್ನು ತೋಟಕ್ಕೆ ಕರೆಸಿದ. ಯಾವ ಮರ ಇರಬೇಕು, ಯಾವ ಮರದ ತಲೆ ಕಡಿದು ಬೇರೆ ಜಾತಿಯ ಕಸಿ ಕಟ್ಟಬೇಕು ಎಂದು ಅವರು ಹೇಳುವವರಿದ್ದರು. ಬಂದವರು ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ, ಚಾಕು ಇಟ್ಟುಕೊಂಡು ಕೂತರು. ಒಂದೊಂದು ಹಣ್ಣನ್ನೂ ಕೊಯ್ದು, ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ನೀರು ಮುಕ್ಕಳಿಸಿ ಉಗಿದು, ಮುಂದಿನ ಹಣ್ಣಿಗೆ ಕೈ ಹಾಕುತ್ತಿದ್ದರು. ಬಾದಾಮಿ ಪಾಸು. ಮಲ್ಲಿಕಾ ಪಾಸು. ತೋತಾಪುರಿಗೂ ಒಂದು ಮೆಚ್ಚುಗೆಯ ‘ಹೂಂ’ ಸಿಕ್ಕಿತು.

ಆಮೇಲೆ ನಮ್ಮ ನಾಟಿ ಹಣ್ಣನ್ನು ತೆಗೆದುಕೊಂಡರು. ತೆಗೆದುಕೊಂಡು, ಚಾಕು ಹಾಕಿದರು.

ಚೀಪೋ ಹಣ್ಣಿಗೆ ಯಾರಾದರೂ ಚಾಕು ಹಾಕುತ್ತಾರೆಯೇ? ಅದನ್ನು ಎರಡು ಅಂಗೈಗಳ ನಡುವೆ ಇಟ್ಟು ಮೆತ್ತಗಾಗುವ ತನಕ ಹೊಸೆಯಬೇಕು. ತೊಟ್ಟಿನ ತುದಿ ಕಚ್ಚಿ ಉಗಿದು, ಸೊನೆಯ ಮೊದಲ ಹನಿಯನ್ನು ಮಣ್ಣಿಗೆ ಹಿಂಡಿ, ಆಮೇಲೆ ಬಾಯಿಗಿಟ್ಟುಕೊಂಡು ಹೀರಬೇಕು. ಆಗ ನಾರು ಜರಡಿ ಹಿಡಿದ ಹಾಗೆ ಹಿಂದೆ ನಿಲ್ಲುತ್ತದೆ, ರಸ ಮುಂದೆ ಬರುತ್ತದೆ. ಕೊಯ್ದರೆ ರಸ ಬಟ್ಟೆಯ ಪಾಲು, ನಾರು ಬಾಯಿಯ ಪಾಲು. ಅವರಿಗಾದದ್ದೂ ಅದೇ.

“ಇದನ್ನ ಯಾರು ತಿಂತಾರೆ?” ಎಂದರು.

“ಮನೇಲಿ ಮಕ್ಕಳು ತಿಂತಾರೆ ಸಾರ್,” ಎಂದ ನಾಗರಾಜು, ಕದ್ದು ಸಿಕ್ಕಿಬಿದ್ದವನ ಹಾಗೆ.

“ಬರೀ ಫೈಬರ್, ಹುಳಿ ಬೇರೆ. ಟೇಬಲ್ ಫ್ರೂಟ್ ಅಲ್ಲವೇ ಅಲ್ಲ. ತಲೆ ತೆಗ್ಸಿ ಬಾದಾಮಿ ಕಟ್ಸಿಬಿಡಿ.”

ನಮ್ಮ ಮನೆಯ ಟೇಬಲ್ಲಿನ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ ಇರುತ್ತದೆ. ಹಣ್ಣನ್ನು ನಾವು ಬಾವಿಕಟ್ಟೆಯಲ್ಲಿ ಕೂತು ತಿನ್ನುತ್ತೇವೆ. ಇಷ್ಟಾದರೂ ಹೇಳಬಹುದಿತ್ತು. ನಾನು ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದೆ.

ಆದರೆ ನನ್ನ ಕೋಪ ಆ ಮನುಷ್ಯನ ಮೇಲಷ್ಟೇ ಅಲ್ಲ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಸಿಂಧು ಜಗಲಿಯ ಮೂಲೆಯಲ್ಲಿ ಕೂತು ಅದೇ ಮರದ ಹಣ್ಣು ಚೀಪುತ್ತಿದ್ದಳು. ರಸ ಮೊಣಕೈವರೆಗೆ ಇಳಿದಿತ್ತು. ಕಣ್ಣು ಅರೆ ಮುಚ್ಚಿತ್ತು. ತಜ್ಞರ ಮಾತು ಕಿವಿಗೆ ಬಿದ್ದದ್ದೇ ತಡ, ಬಾಯಿ ಒರೆಸಿಕೊಂಡು, “ಹೂಂ ಅಂಕಲ್, ನಂಗೂ ನಾರು ನಾರು ಅನ್ನಿಸ್ತಿತ್ತು” ಎಂದಳು. ಚೀಪುತ್ತಿದ್ದ ವಾಟೆಯನ್ನು ಬೆನ್ನ ಹಿಂದೆ ಸರಿಸಿದಳು. ಮರದ ತಲೆ ಕಡಿದರೆ ಇನ್ನೊಂದು ಮರ ಬಂದೀತು. ತಾನು ತಿನ್ನುತ್ತಿರುವ ಹಣ್ಣು ರುಚಿಯಾಗಿದೆಯೋ ಇಲ್ಲವೋ ಎಂದು ಇನ್ನೊಬ್ಬರ ಮುಖ ನೋಡುವ ಹುಡುಗಿಗೆ ಯಾವ ಕಸಿ ಕಟ್ಟುವುದು?

ಒಬ್ಬಳದೇ ಕತೆಯಲ್ಲ, ನೀವೆಲ್ಲ ಹಾಗೇ. ಹೋದ ಸಲ ಮುಳಬಾಗಿಲ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಹೋಟೆಲಿನಿಂದ ತುಪ್ಪದ ದೋಸೆಯ ಘಮ ಬೀದಿಗೇ ಬಂದು ಕೈ ಹಿಡಿದು ಎಳೆಯುತ್ತಿತ್ತು. ನೀವು ಫೋನು ತೆಗೆದು ಅದಕ್ಕೆ ಎಷ್ಟು ಸ್ಟಾರ್ ಎಂದು ನೋಡಿ, ಸಾಲದೆಂದು ನನ್ನನ್ನು ಬಿಸಿಲಲ್ಲಿ ಇನ್ನೊಂದು ಬೀದಿಗೆ ನಡೆಸಿದಿರಿ. ಅಲ್ಲಿ ಸಿಕ್ಕಿದ್ದು ನೆನೆದ ರಟ್ಟು. ಅದನ್ನು ತಿಂದು ‘ಸೂಪರ್’ ಎಂದಿರಿ. ಮೂಗು ಕೊಟ್ಟ ದೇವರು ಸ್ಟಾರ್ ನೋಡಿ ನಕ್ಕಿರಬೇಕು.

ತಿಳಿದವರ ಮಾತು ಬೇಡವೆಂದಲ್ಲ. ಕಾಫಿಗೆ ಸಕ್ಕರೆ ಕಡಿಮೆ ಮಾಡಿ ಎಂದರು ಡಾಕ್ಟರು, ಮಾಡಿದೆ. ಅದು ಒಡಲಿನ ವಿಚಾರ, ಅವರು ಓದಿದ್ದಾರೆ. ಆದರೆ ಟೀವಿಯಲ್ಲಿ ಒಬ್ಬರು, ಸಕ್ಕರೆ ಹಾಕಿದರೆ ಕಾಫಿಯ ರುಚಿಯೇ ಸಿಕ್ಕುವುದಿಲ್ಲ, ಹಾಕುವವರಿಗೆ ಕಾಫಿಯೇ ಗೊತ್ತಿಲ್ಲ ಎಂದರಲ್ಲ, ಅವರು ನನ್ನ ನಾಲಿಗೆಯನ್ನು ಯಾವಾಗ ನೋಡಿದ್ದರು? ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಮೇಷ್ಟರು ನಮ್ಮ ಕೈಲಿ ಸ್ಲೇಟಿನ ಮೇಲೆ ಬರೆಸುತ್ತಿದ್ದರು. ಈಗ ನೋಡಿದರೆ ಉಡುವುದೆಲ್ಲ ನಿಮ್ಮಿಷ್ಟ, ಉಣ್ಣುವುದೆಲ್ಲ ಪರರಿಷ್ಟ.

ಸಂಜೆ ನಾಗರಾಜು ಬಂದು, “ಅಮ್ಮ, ನಾಳೆ ಮರ ಕಡಿಯೋರು ಬರ್ತಾರೆ. ಬಾವಿ ಹತ್ರದ್ದೂ ಹೇಳಿದೀನಿ,” ಎಂದ.

“ಅದನ್ನ ಮುಟ್ಬೇಡ,” ಎಂದೆ.

“ಯಾಕಮ್ಮ? ಅಪ್ಪ ನೆಟ್ಟಿದ್ದು ಅಂತಾನಾ?”

ಹೂಂ ಎಂದಿದ್ದರೆ ಅವನು ಅಲ್ಲಿಗೇ ಸುಮ್ಮನಾಗುತ್ತಿದ್ದ. ವಿಧವೆಯ ಕಣ್ಣೀರಿನ ಮುಂದೆ ಯಾವ ತಜ್ಞನ ಮಾತೂ ನಿಲ್ಲುವುದಿಲ್ಲ. ಆದರೆ ಆ ಮರವನ್ನು ಯಾರೂ ನೆಟ್ಟದ್ದಲ್ಲ. ಯಾರೋ ತಿಂದೆಸೆದ ವಾಟೆಯಿಂದ ಎದ್ದದ್ದು. ನಿಮ್ಮ ತಾತನಿಗಂತೂ ಆ ಹಣ್ಣು ಕಂಡರಾಗುತ್ತಿರಲಿಲ್ಲ. “ದನ ತಿನ್ನೋದನ್ನ ತಿಂತೀಯಲ್ಲೇ,” ಎನ್ನುತ್ತಿದ್ದರು. ಅವರಿಗೆ ಬಾದಾಮಿ ಹೆಚ್ಚಿಕೊಟ್ಟು ನಾನು ಬಾವಿಕಟ್ಟೆಗೆ ಹೋಗುತ್ತಿದ್ದೆ. ಜಗಳವಿರಲಿಲ್ಲ. ಒಂದೇ ಮನೆಯಲ್ಲಿ ಎರಡು ನಾಲಿಗೆ, ಅಷ್ಟೇ.

“ಅಪ್ಪಂದಲ್ಲ ಕಣೋ. ನಂಗೆ ಅದರ ರುಚಿ ಇಷ್ಟ.”

“ಅಷ್ಟೇನಾ?”

“ಅಷ್ಟೇ.”

“ಅಷ್ಟು ದೊಡ್ಡೋರು ಹೇಳಿದಾರಲ್ಲಮ್ಮ.”

“ಅವರು ಕೊಳ್ಳೋ ಮರದ ವಿಷಯ ಅವರು ಹೇಳ್ಲಿ. ಇದು ನಾನು ತಿನ್ನೋ ಮರ.” ಈ ಸಲ ಮಾತು ಪೂರ್ತಿ ಹೊರಗೆ ಬಂತು. ಗೋಡೆ ಮಾತಾಡಿದ್ದನ್ನು ಕೇಳಿದವನ ಹಾಗೆ ನನ್ನನ್ನು ನೋಡಿ, “ಸರಿ ಬಿಡು, ಕೋಪ ಮಾಡ್ಕೋಬೇಡ,” ಎಂದ. ಮರುದಿನ ಬಂದವರು ಆ ಮರ ಬಿಟ್ಟು ಮಿಕ್ಕವುಗಳ ಕಡೆ ಹೋದರು.

ಮರ ಉಳಿಯಿತು. ಇನ್ನು ಸಿಂಧುವಿನ ವಿಚಾರ ಉಳಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. “ನಿಜ ಹೇಳು. ನಿನ್ನೆ ನಿಂಗೆ ನಾರು ಅನ್ನಿಸ್ತಾ?”

“ಇಲ್ಲ ಅಜ್ಜಿ. ಚೆನ್ನಾಗೇ ಇತ್ತು. ಅವರು ಹಾಗಂದ್ರಲ್ಲ, ಅದಕ್ಕೆ.”

“ಅವರಂದ್ರೆ ನಿನ್ನ ನಾಲಿಗೆ ಎಲ್ಲಿಗೆ ಹೋಯ್ತೇ? ಇನ್ಮೇಲೆ ಎದುರಿಗೆ ಯಾರೇ ಇರ್ಲಿ, ನಿಂಗನ್ನಿಸಿದ್ದೇ ಹೇಳ್ಬೇಕು.”

ಅವಳು ಮುಂದಿದ್ದ ಸಾರಿನ ಬಟ್ಟಲನ್ನು ನೋಡಿದಳು. “ಯಾರೇ ಇದ್ರೂನಾ?”

“ಯಾರೇ ಇದ್ರೂ.”

“ಹಾಗಾದ್ರೆ ಅಜ್ಜಿ, ನೀನು ಮಾಡೋ ಹುರುಳಿ ಸಾರು ನಂಗೆ ಸೇರಲ್ಲ. ಕೊಟ್ಟಿಗೆ ವಾಸನೆ ಬರತ್ತೆ.”

ಮಕ್ಕಳೇ, ನನ್ನ ಹುರುಳಿ ಸಾರನ್ನು ಕೋಲಾರದ ಬೀಗರು ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಾರೆ. ಮೈಯೆಲ್ಲ ಉರಿಯಿತು. ನಿಂಗೇನು ಗೊತ್ತೇ ರುಚಿ, ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಿಳಿ ಬಟ್ಟೆಯೊಂದು ಹಾಸಿದ್ದರೆ ನಾನೂ ತಜ್ಞೆಯಾಗಿಬಿಡುತ್ತಿದ್ದೆ. ಮಾತನ್ನು ನುಂಗಿ, ಅವಳ ಮುಂದಿನಿಂದ ಸಾರಿನ ಬಟ್ಟಲು ಎತ್ತಿ, ಮುದ್ದೆಗೆ ಮಜ್ಜಿಗೆ ಹಾಕಿದೆ. ಕೊಂಚ ಜೋರಾಗಿಯೇ ಹಾಕಿದೆ, ತಟ್ಟೆಯಿಂದಾಚೆಗೂ ಚೆಲ್ಲಿತು.