ಪಂಢರಪುರದ ಕುಂಕುಮ

ಮೊನ್ನೆ ಅರಿಸಿನ ಮೆತ್ತಿದ ಬಿಳಿ ಬಟ್ಟೆಗೆ ಸಾಬೂನು ಹಚ್ಚಿದೆ. ಹಳದಿ ಕಲೆ ನೋಡನೋಡುತ್ತ ಕೆಂಪಾಯಿತು. ಕೈ ಕೊಯ್ದುಕೊಂಡೆನೆಂದು ಸೊಸೆ ಗಾಬರಿಯಾದಳು. ನಾನು ಬಚ್ಚಲಲ್ಲಿ ಅದನ್ನೇ ನೋಡುತ್ತ ಕುಳಿತೆ. ನಮ್ಮ ಎದುರುಮನೆಯ ಚಿಗವ್ವನ ಕೈಗಳು ಹೀಗೇ ಇರುತ್ತಿದ್ದವು...

ನಾನು ನರೇಗಲ್ಲಿನಿಂದ ಸೊಸೆಯಾಗಿ ಗಜೇಂದ್ರಗಡದ ನೇಕಾರರ ಓಣಿಗೆ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಅಲ್ಲಿಯವರೆಗೆ ಕುಂಕುಮ ಎಲ್ಲಿಂದ ಬರುತ್ತದೆಂದು ಯೋಚಿಸಿದವಳೇ ಅಲ್ಲ. ಯಾವುದೋ ಕೆಂಪು ಮಣ್ಣಿರಬೇಕು ಎಂದುಕೊಂಡಿದ್ದೆ. ಅದು ಅರಿಸಿನವೇ ಎಂದು ತೋರಿಸಿದವಳು ಚಿಗವ್ವ. ಬಿಳಿಗಾರದ ಪುಡಿ, ಪಟಕದ ಹರಳು ಕರಗಿಸಿದ ಲಿಂಬೆರಸದಲ್ಲಿ ಅರಿಸಿನದ ಚೂರುಗಳನ್ನು ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಓಣಿಯ ಹೆಂಗಸರ ಹಣೆಗೂ ಹೊಸ ನೂಲಿನ ಹಾಸು ಏರಿಸಿದ ಮಗ್ಗದ ಪೂಜೆಗೂ ಆಕೆಯದೇ ಕುಂಕುಮ. ಆಕೆಯ ಗಂಡ ಕೆಮ್ಮು ಹೆಚ್ಚಾಗಿ ಮಗ್ಗ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದುದು ಅದರಿಂದಲೇ.

ಆತ ತೀರಿಕೊಂಡ ದಿನ ಪಡಸಾಲೆಯಲ್ಲಿ ಅರ್ಧ ಒಣಗಿದ ಅರಿಸಿನ ಹರವಿತ್ತು. ರೂಢಿಯಂತೆ ಹಿರಿಯ ಹೆಂಗಸರು ಆಕೆಯ ಹಣೆಗೆ ಕೊನೆಯ ಸಲ ಕುಂಕುಮ ಬಳಿದು ಒರೆಸಿದರು. ಆ ಕುಂಕುಮವೂ ಆಕೆಯ ಡಬ್ಬಿಯದೇ. ಆಕೆ ಅಳಲಿಲ್ಲ. ನನ್ನನ್ನು ಹತ್ತಿರ ಕರೆದು, "ಅದನ್ನ ಒಂದೀಟು ಹೊಳ್ಳಿಸಿ ಹಾಕವ್ವಾ, ಇಲ್ಲಂದ್ರ ಕರ್ರಗ ಆಗತೈತಿ" ಅಂದಳು. ತಿರುವಿ ಹಾಕಿದೆ. ನನಗೂ ಏನೂ ಅನ್ನಿಸಲಿಲ್ಲ...

ಆಮೇಲೆ ಬಟ್ಟಲು ಹಿಡಿದು ಆಕೆಯ ಬಾಗಿಲಿಗೆ ಬರುವವರು ನಿಂತರು. ಗಂಡ ಸತ್ತವಳು ಮಾಡಿದ ಕುಂಕುಮ ಮುತ್ತೈದೆಯ ಹಣೆಗೆ ಬರಬಾರದಂತೆ. ಯಾರೂ ಬೈಯಲಿಲ್ಲ, ಜಗಳ ಮಾಡಲಿಲ್ಲ. ಬರಲಿಲ್ಲ, ಅಷ್ಟೆ. ಬರೀ ನೂಲು ಸುತ್ತಿದರೆ ಹೊಟ್ಟೆ ತುಂಬುವಂತಿರಲಿಲ್ಲ.

ಕೆಲವು ತಿಂಗಳ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಪಂಢರಪುರದ ಕುಂಕುಮ ಬಂತು. ಅತ್ತೆ ತಂದರು. ಹಚ್ಚಿಕೊಳ್ಳುವಾಗಲೇ ನನಗೆ ವಾಸನೆಯ ಗುರುತು ಸಿಕ್ಕಿತು. ಸಂಜೆ ಎದುರುಮನೆಗೆ ಹೋದೆ. ಚಿಗವ್ವ ನನ್ನ ಹಣೆ ನೋಡಿ, ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿದಳು.

"ಯಾರ ಮುಂದೂ ಅನಬ್ಯಾಡ. ಓಣ್ಯಾಗ ಗೊತ್ತಾದ್ರ ಅಂಗಡ್ಯಾವ್ರು ತಗೊಳ್ಳೂದು ಬಿಡ್ತಾರ. ಆಮ್ಯಾಲ ನಾ ಏನ ತಿನ್ನಲಿ?"

ನಾನು ಅನ್ನಲಿಲ್ಲ. ಅಲ್ಲಿಂದ ಮುಂದೆ ಆಕೆ ಬದುಕಿದ್ದು ಅಂಜಿಕೆಯಲ್ಲಿ. ಕುಟ್ಟುವ ಸಪ್ಪಳ ಹೊರಗೆ ಕೇಳಬಾರದೆಂದು ಓಣಿಯ ಮಗ್ಗಗಳು ನಡೆಯುವ ಹೊತ್ತಿನಲ್ಲೇ ಕುಟ್ಟುತ್ತಿದ್ದಳು. ಹುಣಸೆಹಣ್ಣು, ಬೂದಿ ಹಚ್ಚಿ ಕೈ ತಿಕ್ಕುತ್ತಿದ್ದಳು. ಉಗುರಿನ ಸಂದಿಯ ಕೆಂಪು ಮಾತ್ರ ಹೋಗುತ್ತಿರಲಿಲ್ಲ. ಯಾರಾದರೂ ಎದುರಾದರೆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಇತ್ತ ಓಣಿಯವರು, "ದೇವರ ಊರಿಂದು, ಬಣ್ಣನ ಬ್ಯಾರೆ" ಎಂದು ಆ ಕುಂಕುಮವನ್ನು ಬಾಯ್ತುಂಬ ಹೊಗಳುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲ, ಜ್ವರ ಬಂದು ಚಿಗವ್ವ ಹೋದಳು. ಮಣ್ಣಾದ ಮರುದಿನ ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ.

"ಅದು ಪಂಢರಪುರದ್ದಲ್ಲರಿ ಅತ್ತಿ. ಚಿಗವ್ವ ಮಾಡತಿದ್ಲು."

ಅತ್ತೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತು. ಆಕಿ ಕಡಿಂದ ತಗೋರಿ ಅಂತ ಅಂಗಡ್ಯಾವ್ರಿಗೆ ಹೇಳಿದಾಕಿನ ನಾ. ಆಕಿ ಹೊಟ್ಟಿ ನಡೀಬೇಕಲ್ಲ."

"ಮತ್ತ ಆಕಿಗೆ ಯಾಕ ಹೇಳಲಿಲ್ರಿ?"

ಅತ್ತೆ ಕಡಿದ ಎಳೆಗೆ ಗಂಟು ಹಾಕಿದರು. "ಹೇಳಿದ್ರ, ಗೊತ್ತಿದ್ದೂ ಹಚ್ಚಿಕೊಂಡಂಗ ಆಗತಿತ್ತು."

ಈಗ ಅತ್ತೆಯೂ ಇಲ್ಲ, ಆ ಓಣಿಯ ಹೆಂಗಸರಲ್ಲಿ ಬಹಳ ಜನ ಇಲ್ಲ. ಅವರು ಚಿಗವ್ವನಿಗೆ ಅನ್ನ ಕೊಟ್ಟರು, ಅದು ಸುಳ್ಳಲ್ಲ. ಆದರೆ ಆಕೆ ಮಾತ್ರ, ಯಾರಿಗೂ ಗೊತ್ತಿಲ್ಲವೆಂದು ತಿಳಿದು, ಗೊತ್ತಾದರೆ ಏನು ಗತಿಯೆಂದು ಅಂಜುತ್ತಲೇ ಸತ್ತಳು. ಇದನ್ನು ನೆನೆದಾಗ ಅಳು ಬರಬೇಕು ಅನ್ನಿಸುತ್ತದೆ... ಬರುವುದಿಲ್ಲ.