ಹುಳುಮನೆಯ ಗೋಡೆಗೆ ಬಣ್ಣ

ಟೈಲರಿಂಗ್ ಕ್ಲಾಸ್ ಶುರು ಮಾಡಲು ನನಗೊಂದು ಕೋಣೆ ಬೇಕಿತ್ತು. ಹಿತ್ತಿಲಿನ ಹುಳುಮನೆಯಲ್ಲಿ ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ವರ್ಷವಾಗಿದ್ದರೂ ಅದನ್ನು ಕೊಡಲು ಅತ್ತೆಗೆ ಮನಸ್ಸಿರಲಿಲ್ಲ. ಕೊನೆಗೆ, ಹದಿನೈದು ದಿನದೊಳಗೆ ಮನುಷ್ಯರು ಕೂರುವ ಹಾಗೆ ಮಾಡಿದರೆ ಕೋಣೆ ನಿನ್ನದು, ಇಲ್ಲದಿದ್ದರೆ ಮತ್ತೆ ಹುಳು ಮೇಯಿಸುತ್ತೇನೆ ಎಂದರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲೇ ಒರಗಿಸಿಟ್ಟುಕೊಂಡರು, ಯಾವಾಗ ಬೇಕಾದರೂ ಒಳಗೆ ತರಲು.

ಪೇಂಟರ್ ಯಾಕೆ, ನಾನೇ ಬಳಿಯುತ್ತೇನೆ ಅಂದೆ. ಕನಕಪುರದಿಂದ ಬಣ್ಣದ ಬಕೆಟ್ಟನ್ನು ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಮರುದಿನ ರೋಲರ್ ಎಳೆದಲ್ಲೆಲ್ಲ ತಿಳಿಹಳದಿ ಮೂಡುವುದನ್ನು ಕಂಡು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಮಧ್ಯಾಹ್ನಕ್ಕೆ ಬಣ್ಣ ಹಪ್ಪಳದಂತೆ ಎದ್ದು ರೋಲರಿಗೇ ಅಂಟಿ ಬರತೊಡಗಿತು. ಮುಚ್ಚಲು ಹೋದಷ್ಟೂ ತೇಪೆ ಹೆಚ್ಚಾಯಿತು. ನನಗೆ ಅಳು ಬಂತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಈಗ ಚಂದ್ರಿಕೆ ತರುತ್ತಾರೆ ಅಂದುಕೊಂಡೆ. ಅವರು ಇನ್ನೂ ಬಳಿಯದ ಗೋಡೆಗೆ ಅಂಗೈ ಒರೆಸಿ ನನ್ನ ಮುಂದೆ ಹಿಡಿದರು. ಅಂಗೈ ಬೆಳ್ಳಗಾಗಿತ್ತು.

"ಒಂದೊಂದ್ ಬೆಳೆಗೂ ಹುಳಕ್ಕೆ ರೋಗ ಬರ್ದಂಗೆ ಸುಣ್ಣ ಬಳ್ದೋಳು ನಾನು. ಮುಟ್ಟಿದ್ರೆ ಕೈಗೆ ಬತ್ತೈತೆ. ಅದ್ರ ಮ್ಯಾಲೆ ನಿನ್ ಬಣ್ಣ ನಿಂತದಾ?"

ಹೇಳಿದ್ದಷ್ಟೇ ಅಲ್ಲ, ಸೆರಗು ಸಿಕ್ಕಿಸಿ ಅಡುಗೆಮನೆಯ ಸಟ್ಟುಗ ಹಿಡಿದೇಬಿಟ್ಟರು. ನನ್ನನ್ನು ಸೋಲಿಸಬೇಕಾದವರೇ ನನಗಿಂತ ಜೋರಾಗಿ ಕೆರೆದರು. ನಾಲ್ಕು ದಿನ ಇಬ್ಬರೂ ತಲೆಯೆಲ್ಲ ಸುಣ್ಣ ಮಾಡಿಕೊಂಡು ಗೋಡೆ, ಸೀಲಿಂಗ್ ಕೆರೆದೆವು, ತೊಳೆದೆವು. ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹಚ್ಚಿದೆವು. ಅದೂ ಆರುವ ತನಕ ನನ್ನ ಕೈ ಕಟ್ಟಿಹಾಕಿಕೊಂಡದ್ದು ಹೇಗೆಂದು ನನಗೇ ಗೊತ್ತು.

ಆಮೇಲೆ ಮೊದಲು ಸೀಲಿಂಗ್, ನಂತರ ಗೋಡೆ. ಒಂದು ಪಟ್ಟಿಯ ಅಂಚು ಆರುವ ಮೊದಲೇ ಮುಂದಿನದನ್ನು ಅದಕ್ಕೆ ಕೂಡಿಸಬೇಕು, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಒಂದು ಗೋಡೆ ಮುಗಿಯುವ ತನಕ ಕಾಫಿಗೂ ನಿಲ್ಲಲಿಲ್ಲ.

ಹದಿನಾಲ್ಕನೆಯ ದಿನ, ಎರಡನೇ ಕೋಟೂ ಒಣಗಿತ್ತು. ಕಿಟಕಿಯಿಂದ ಸಂಜೆ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿತ್ತು. ಹುಳುಕು ಬಯಲಾಗುವುದು ಆ ಬೆಳಕಿನಲ್ಲೇ. ಒಂದು ತೇಪೆ ಇಲ್ಲ, ಒಂದು ಗೆರೆ ಇಲ್ಲ! ಅತ್ತೆ ಮಾತ್ರ ನಂಬಲಿಲ್ಲ. ಅಂಗೈಯನ್ನು ಗೋಡೆಗೆ ಒತ್ತಿ ಒರೆಸಿ ನೋಡಿಕೊಂಡರು. ಏನೂ ಅಂಟಿರಲಿಲ್ಲ. ಅಂಗಳಕ್ಕೆ ಹೋಗಿ ಚಂದ್ರಿಕೆಯ ಒಂದು ತುದಿ ಎತ್ತಿದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ನೋಡ್ತಾ ನಿಂತ್ಕಂಡ್ರೆ ಆಯ್ತದಾ? ಆ ಕಡೆ ಹಿಡ್ಕೊ. ಅಟ್ಟಕ್ಕೆ ಹಾಕ್ಬುಡನ."